ಹೊರಸಿನ ಸುತ್ತ ಹಳಿ

ವಿಜಾಪುರ
೮ ಡಿಸೆಂಬರ್ ೧೯೪೭

ಅಪ್ಪಾ,

ಎಲ್ಲರೂ ಮೊದಲ ಸಾಲಿನಲ್ಲಿ ಕ್ಷೇಮ ಎಂದು ಬರೆಯುತ್ತಾರೆ. ನಾನು ಬರೆಯುವುದಿಲ್ಲ. ಮೈ ನೆಟ್ಟಗಿದೆ, ಅಷ್ಟೇ.

ಸಾಲಿ ಬಿಟ್ಟ ಮೇಲೆ ಎಲ್ಲಿದ್ದೇನೆಂದು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಮೋಟಾರ್ ಸ್ಟ್ಯಾಂಡಿನ ಹತ್ತಿರ ಗುಡುಸಾಬನ ಬ್ಯಾಟರಿ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಮೋಟಾರ್ ಬ್ಯಾಟರಿ ಚಾರ್ಜಿಗೆ ಇಡುವುದು, ಆಸಿಡ್ ನೀರು ಹಾಕುವುದು. ಇರುವ ಎರಡು ಅಂಗಿಗೂ ತೂತು ಬಿದ್ದಿವೆ.

ಎರಡನೆಯ ಸುದ್ದಿ ನಿನಗೆ ಸೇರುವುದಿಲ್ಲ. ದಿನಾ ಸಂಜೆ ಗೋಳಗುಮ್ಮಟದ ಹಿಂದಿನ ಓಣಿಗೆ, ಪೀರಸಾಬ ಕಾಕಾನ ಮನೆಗೆ ಹೋಗುತ್ತಿದ್ದೇನೆ. ಹೌದು, ಅದೇ ಪೀರಸಾಬ. ಆ ದಿನ ಹುಣಸಿಹಳ್ಳ ಸ್ಟೇಶನ್ನಿನಲ್ಲಿ ಮಗುಚಿದ ಇಂಜಿನಿನಲ್ಲಿ ಕಲ್ಲಿದ್ದಲು ಹಾಕುತ್ತಿದ್ದವನು. ಬಲಗಾಲು ಮೊಳಕಾಲಿನವರೆಗೆ ಕಳೆದುಕೊಂಡವನು.

ಮೊದಲ ದಿನ ಬಾಗಿಲಲ್ಲಿ ನಿಂತೇ ಹೇಳಿಬಿಟ್ಟೆ. "ನಾ ಪಾಯಿಂಟ್ಸ್‌ಮನ್ ಕರೆಪ್ಪನ ಮಗಾರಿ."

ಕಾಕಾ ನುಲಿ ಹೆಣೆದ ಹೊರಸಿನ ಮೇಲೆ ಕೂತಿದ್ದ. ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಅಪ್ಪನ ಮ್ಯಾಲೆ ಸಾಕ್ಷಿ ಹೇಳಿದಾವ ನೀನ ಏನ್ಲೇ?"

"ಹೌದ್ರಿ."

"ಮತ್ತ ಇಲ್ಲಿ ಯಾರ ಮ್ಯಾಲೆ ಹೇಳಾಕ ಬಂದಿ?"

ಏನಾದರೂ ಕೆಲಸ ಇದ್ದರೆ ಕೊಡ್ರಿ ಅಂದೆ. ಹೊರಸಿನ ಕೆಳಗಿದ್ದ ಕಟ್ಟಿಗೆಯ ಪೆಟ್ಟಿಗೆಯನ್ನು ಊರುಗೋಲಿನಿಂದ ನನ್ನ ಕಡೆ ತಳ್ಳಿದ.

ಕಾರ್ಡು ತುಂಬಿತು. ಉಳಿದದ್ದನ್ನು ಇನ್ನೊಂದು ಕಾರ್ಡಿನಲ್ಲಿ ಬರೆದು ನಾಳೆ ಹಾಕುತ್ತೇನೆ.

ನಿನ್ನ ಮಗ
ಮಾಳಪ್ಪ


ವಿಜಾಪುರ
೯ ಡಿಸೆಂಬರ್ ೧೯೪೭

ಅಪ್ಪಾ,

ಪೆಟ್ಟಿಗೆಯಲ್ಲಿ ಇದ್ದದ್ದು ಆಟದ ರೈಲು. ಇಂಜಿನು ಶೆಡ್ಡಿನ ಇಂಗ್ಲಿಷ್ ಸಾಹೇಬ ದೇಶ ಬಿಟ್ಟು ಹೋಗುವಾಗ ತನ್ನ ಮಗನದನ್ನು ಕಾಕಾನಿಗೆ ಕೊಟ್ಟು ಹೋದನಂತೆ. ಕೀಲಿ ಕೊಟ್ಟು ಓಡಿಸುವ ಆಟಿಗೆ ಅಲ್ಲ ಅದು. ಕರೆಂಟಿನಿಂದ ಓಡುತ್ತದೆ. ಒಂದು ಸಣ್ಣ ಪೆಟ್ಟಿಗೆ, ಅದಕ್ಕೊಂದು ಹಿಡಿಕೆ. ದೂರ ಕೂತು ಹಿಡಿಕೆ ತಿರುವಿದರೆ ಹಳಿಯ ಮೇಲಿನ ಇಂಜಿನು ಓಡುತ್ತದೆ, ನಿಲ್ಲುತ್ತದೆ, ಹಿಂದಕ್ಕೂ ಬರುತ್ತದೆ. ಇಂಜಿನನ್ನು ಕೈಯಿಂದ ಮುಟ್ಟಬೇಕಾಗಿಲ್ಲ.

ಕಾಕಾನ ಮನೆಯಲ್ಲಿ ಕರೆಂಟಿಲ್ಲ. ಬ್ಯಾಟರಿ ನಾನು ತರುತ್ತೇನೆ ಅಂದೆ. "ಕಾಲಿಲ್ಲದ ನಾನು ಹೊರಸ ಬಿಟ್ಟು ಏಳದಂಗ ಇದನ್ನ ಓಡಸಬೇಕು. ಆಗತೈತೇನು?" ಅಂದ. ಆಗತೈತ್ರಿ ಅಂದೆ.

ನೀನು ಎರಡು ವರ್ಷದಿಂದ ನನ್ನ ಜೊತೆ ಮಾತಾಡಿಲ್ಲ. ಇದಕ್ಕೂ ಮಾತಾಡುವುದಿಲ್ಲ ಎಂದು ಗೊತ್ತು. ಕದ್ದು ಹೋಗುವುದು ಬೇಡವೆಂದು ತಿಳಿಸಿದೆ.

ಮಾಳಪ್ಪ


ಬಬಲೇಶ್ವರ
೨೧ ಡಿಸೆಂಬರ್ ೧೯೪೭

ತಮ್ಮಾ ಮಾಳಪ್ಪಾ,

ನಿನಗ ಬುದ್ಧಿ ಯಾವಾಗ ಬರತೈತಿ? ಕಾರ್ಡಿನ್ಯಾಗ ಬರದಿಯಲ್ಲೋ ಇಷ್ಟೆಲ್ಲಾ! ಅಪ್ಪನ ಊರ ತಿಕೋಟಿ ಟಪಾಲಿನವ ಮೊದಲನೇ ಕಾರ್ಡು ಕಟ್ಟಿ ಮ್ಯಾಲೆ ಕುಂತು ನಾಕ ಮಂದಿ ಮುಂದ ಓದ್ಯಾನ. ಎರಡನೇದು ಮರದಿವಸ ಬಂದೈತಿ. ನಡಕಿನ ಒಂದ ದಿವಸ ಊರ ಮಂದಿ ಎಲ್ಲಾ "ಪೆಟ್ಟಿಗ್ಯಾಗ ಏನಿತ್ತೋ ಕರೆಪ್ಪ, ಪೆಟ್ಟಿಗ್ಯಾಗ ಏನಿತ್ತೋ" ಅಂತ ಅಪ್ಪನ್ನ ಕೇಳಿ ಕೇಳಿ ಸಾಕ ಮಾಡ್ಯಾರ. ಅಂವ ಕುರಿ ಹೊಡಕೊಂಡು ಹಳ್ಳದ ಆಚೆ ಹೋಗಿ ಕುಂತಾನಂತ.

ಸಂತಿ ದಿವಸ ಕುರಿ ಉಣ್ಣೆ ಮಾರಾಕ ಇಲ್ಲಿಗೆ ಬಂದಿದ್ದ. ರುಮಾಲಿನ್ಯಾಗಿಂದ ಎರಡೂ ಕಾರ್ಡು ತಗದು ನನ್ನ ಮುಂದ ಇಟ್ಟ. "ಓದು" ಅಂದ. ಅವಗೇನು ಓದಾಕ ಬರೂದಿಲ್ಲೇನು? ಇಪ್ಪತ್ತು ವರ್ಷ ಗಾಡಿ ಬಂದ ವ್ಯಾಳ್ಯಾ, ಹೋದ ವ್ಯಾಳ್ಯಾ ತನ್ನ ಕೈಲೆ ಬರದಾವ. ನನ್ನ ಬಾಯಿಲೆ ಕೇಳಬೇಕಾಗಿತ್ತು, ಅಷ್ಟ. ಪೀರಸಾಬನ ಹೆಸರು ಬಂದಕೂಡ್ಲೆ ಗಂಗಾಳದಾಗ ಕೈ ತೊಳದ. ರೊಟ್ಟಿ ಅರ್ಧಾ ಹಂಗ ಇತ್ತು.

ನಿನ್ನ ಹೆಸರು ಅವನ ಬಾಯಾಗ ಬರೂದಿಲ್ಲ. ಬೈಯೂದೂ ಇಲ್ಲ. ಬೈದಿದ್ರ ಚೊಲೊ ಇತ್ತು, ಬೈದಾವ ಒಂದಿಲ್ಲೊಂದ ದಿವಸ ಕರೀತಾನ.

ನೀ ವಿಚಾರಣಿಯೊಳಗ ಹೇಳಿದ್ದು ಖರೇ ಅಂತ ನನಗೂ ಗೊತ್ತು. ಖರೇ ಹೇಳಾಕ ನಿನಗ ಅಪ್ಪನ ನೌಕರಿನ ಬೇಕಾಗಿತ್ತೇನು ಅಂತ ಕೇಳತೀನಿ.

ಇನ್ನ ಮ್ಯಾಲೆ ಪಾಕೀಟಿನ್ಯಾಗ ಹಾಕು. ಅಂಟು ಹಚ್ಚು.

ನಿನ್ನ ಅಕ್ಕ
ರೇಣುಕವ್ವ


ವಿಜಾಪುರ
೧೧ ಜನವರಿ ೧೯೪೮

ಅಕ್ಕಾ,

ಪಾಕೀಟು ತಂದಿದ್ದೇನೆ. ಅಂಟೂ ಹಚ್ಚುತ್ತೇನೆ.

ನೀನು ಆಗ ಗಂಡನ ಮನೆಯಲ್ಲಿದ್ದಿ. ಆ ದಿನದ್ದು ನಿನಗೆ ಅವರಿವರ ಬಾಯಿಂದ ಗೊತ್ತು. ನಾನು ಕಂಡಷ್ಟನ್ನು ಬರೆಯುತ್ತೇನೆ, ಆಮೇಲೆ ಬೇಕಾದರೆ ಬೈಯಿ.

ಹುಣಸಿಹಳ್ಳದಲ್ಲಿ ಒಂದು ಹಳಿ ಎರಡಾಗಿ ಒಡೆಯುವ ಕಡೆ ಪಾಯಿಂಟು ಇತ್ತು. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಆಳೆತ್ತರದ ಹಿಡಿಕೆ. ಅದನ್ನು ಎಳೆದರೆ ಉದ್ದನೆಯ ಕಬ್ಬಿಣದ ಸರಳು ಎಳೆದುಕೊಂಡು, ನೂರು ಹೆಜ್ಜೆ ಆಚೆ ಒಂದು ಚೂಪು ಹಳಿ ಸರಿದು ದೊಡ್ಡ ಹಳಿಗೆ ಅಂಟಿಕೊಳ್ಳಬೇಕು. ಅಂಟಿಕೊಂಡರೆ ಗಾಡಿ ಪಕ್ಕದ ಹಳಿಗೆ ತಿರುಗುತ್ತದೆ. ನಡುವೆ ಬೆರಳಿನಷ್ಟು ಸಂದು ಉಳಿದರೂ ಗಾಲಿ ಅದರಲ್ಲಿ ಹೊಕ್ಕು ಇಂಜಿನು ಬೀಳುತ್ತದೆ. ಅದಕ್ಕೇ ಹಿಡಿಕೆ ಎಳೆದವನು ಆ ನೂರು ಹೆಜ್ಜೆ ನಡೆದು ಹೋಗಿ, ಬಗ್ಗಿ, ಕಣ್ಣಿನಿಂದ ನೋಡಿ, ಆಮೇಲೆಯೇ ಹಸಿರು ನಿಶಾನೆ ತೋರಿಸಬೇಕು. ಕಾಯಿದೆ ಅದು. ನನಗೆ ಅದನ್ನು ಕಲಿಸಿದವನೇ ಅಪ್ಪ.

ಆ ದಿನ ನಾನು ರೊಟ್ಟಿ ಗಂಟು ಒಯ್ದಾಗ ಅಪ್ಪ ಹಿಡಿಕೆಯ ಹತ್ತಿರದ ಕಲ್ಲಿನ ಮೇಲೆ ಕೂತಿದ್ದ. ಉಣ್ಣತೊಡಗಿದ. ಮಾಲಗಾಡಿ ಕೂಗಿತು. ಎಡಗೈಯಲ್ಲಿ ನಿಶಾನೆ ಎತ್ತಿದ, ಬಲಗೈಯಲ್ಲಿ ರೊಟ್ಟಿ ಇತ್ತು. ಮುಂದಿನದು ನಿನಗೆ ಗೊತ್ತು.

ವಿಚಾರಣೆಯ ಸಾಹೇಬ ಕೇಳಿದ: ನಿಮ್ಮಪ್ಪ ಹೋಗಿ ನೋಡಿದನೇ? ಇಲ್ಲ ಅಂದೆ. ಹಿಡಿಕೆ ಪೂರಾ ಎಳೆದದ್ದನ್ನು ನೀನು ಕಂಡಿಯಾ? ಕಂಡಿಲ್ಲ ಅಂದೆ. ಎರಡೂ ಖರೇ. ಹಿಡಿಕೆಯನ್ನು ಅರ್ಧಕ್ಕೇ ಬಿಟ್ಟು ಉಣ್ಣಲು ಕೂತ ಎಂದು ಬರೆದುಕೊಂಡರು. "ಏನಾದರೂ ಹೇಳುವುದಿದೆಯೇ?" ಎಂದು ಅಪ್ಪನನ್ನು ಮೂರು ಸಲ ಕೇಳಿದರು. ಅಪ್ಪ ತನ್ನ ಕಾಲಿನ ಚಪ್ಪಲಿ ನೋಡುತ್ತ ನಿಂತಿದ್ದ.

ನಾನು ಸಾಲಿ ಬಿಟ್ಟದ್ದು ಇದರಿಂದಲೇ ಎಂದು ಎಲ್ಲರೂ ಅನ್ನುತ್ತಾರೆ. ಅದು ಅರ್ಧ ಖರೇ. ನನಗೆ ಒಂದು ಕಡೆ ಕೂಡಲು ಮೊದಲಿನಿಂದಲೂ ಆಗುತ್ತಿರಲಿಲ್ಲ.

ಈಗ ರೈಲಿನ ಸುದ್ದಿ. ಕಾಕಾನ ಪಡಸಾಲೆಯಲ್ಲಿ ಇಟ್ಟಂಗಿಯ ಮೇಲೆ ಹಲಗೆ ಹಾಸಿ, ಹೊರಸಿನ ಸುತ್ತ ಹಳಿ ಕೂಡಿಸಿದೆವು. ಹೊರಸು ನಡುವೆ, ಹಳಿ ಸುತ್ತಲೂ. ಒಂದೊಂದು ತುಂಡೂ ಗೇಣುದ್ದ, ತಗಡಿನದು. ಒಂದರ ಕಡ್ಡಿ ಇನ್ನೊಂದರ ತೂತಿಗೆ ಬಿಗಿಯಾಗಿ ಹೋಗಬೇಕು, ಇಲ್ಲದಿದ್ದರೆ ಅಲ್ಲೇ ಕರೆಂಟು ನಿಲ್ಲುತ್ತದೆ. ಬ್ಯಾಟರಿ ಜೋಡಿಸಿ ಹಿಡಿಕೆ ತಿರುವಿದರೆ ಇಂಜಿನು ಮಿಸುಕಲಿಲ್ಲ, ಜೇನುನೊಣದ ಹಾಗೆ ಗುಂಯ್ ಎಂದಿತು. ಹಳಿಗೆ ತುಕ್ಕು. ಸೀಮೆಎಣ್ಣೆಯ ಅರಿವೆಯಿಂದ ಎರಡು ಸಂಜೆ ಉಜ್ಜಿದೆ. ಮತ್ತೆ ಗುಂಯ್. ಇಂಜಿನಿನ ಹೊಟ್ಟೆ ಬಿಚ್ಚಿದರೆ ಹಳೇ ಎಣ್ಣೆ ಬೆಲ್ಲದ ಹಾಗೆ ಗಟ್ಟಿಯಾಗಿತ್ತು. ಅದನ್ನೆಲ್ಲ ಕೆರೆದು ತೆಗೆದ ಮೇಲೆ ಒಮ್ಮೆಲೇ ಓಡಿತು, ಆದರೆ ಹಿಂದಕ್ಕೆ. ತಂತಿ ಅದಲು ಬದಲಾಗಿತ್ತು.

"ಥೇಟ್ ನಿನ್ನಂಗ ಐತಲೇ. ಮುಂದ ನಡಿ ಅಂದ್ರ ಹಿಂದ ಬರತೈತಿ" ಅಂದ ಕಾಕಾ.

ನಾನು ಓಡಿಸಿದರೆ ತಿರುವಿನಲ್ಲಿ ಬೀಳುತ್ತಿತ್ತು. ಕಾಕಾ ಪೆಟ್ಟಿಗೆ ಕಸಿದುಕೊಂಡ. "ಒಮ್ಮಿಗಲೇ ತಿರುವತಾರೇನೋ ಹುಚ್ಚ! ತಿರುವು ಬರೂಕಿಂತ ಮೊದಲ ಕೈ ಹಿಂದ ತಗೀಬೇಕು, ತಿರುವಿನ್ಯಾಗ ಹೊಕ್ಕ ಮ್ಯಾಲೆ ಅಲ್ಲ." ಹಿಡಿಕೆಯನ್ನು ಎರಡೇ ಬೆರಳಿನಿಂದ ಹಿಡಿದ. ಇಂಜಿನು ಮೆಲ್ಲಗೆ ಹೊರಟು ಹೊರಸಿನ ಸುತ್ತ ಬಂತು. ಪ್ರತಿ ತಿರುವಿನಲ್ಲೂ ಕಾಕಾ ಮೈಯನ್ನು ಆ ಕಡೆಗೆ ವಾಲಿಸುತ್ತಾನೆ, ನಿಜವಾದ ಇಂಜಿನಿನಲ್ಲಿ ನಿಂತ ಹಾಗೆ. ಚಾದರದ ಕೆಳಗೆ ಇಲ್ಲದ ಕಾಲನ್ನೂ ಊರುತ್ತಾನೆ. ಅದನ್ನು ನೋಡಲು ನನಗೆ ಆಗುವುದಿಲ್ಲ.

ಹೆಂಡತಿ ಆಶಾಬಿ ಕಾಕು ಒಳಗೆ ಕೂತು ಮಂದಿ ಮನೆಯ ಜೋಳ ಹಸನು ಮಾಡಿಕೊಡುತ್ತಾಳೆ. ಸಂಸಾರ ಅದರ ಮೇಲೆ. ನನ್ನ ಜೊತೆ ಈವರೆಗೆ ಒಂದು ಮಾತೂ ಆಡಿಲ್ಲ. ಚಹಾ ತಂದು ನೆಲಕ್ಕೆ ಇಟ್ಟು ಹೋಗುತ್ತಾಳೆ.

ಪೆಟ್ಟಿಗೆಯಲ್ಲಿ ಒಂದು ಪಾಯಿಂಟೂ ಇದೆ. ಮುಟ್ಟದೆ ಹಾಗೇ ಇಟ್ಟಿದ್ದೆ. ಕಾಕಾ ನಿನ್ನೆ, "ಅದನ್ನೂ ಜೋಡಸು. ಹೊರಸಿನ ಮ್ಯಾಲಿಂದನ ಹಳಿ ಹೊರಳಸಬೇಕು" ಅಂದ.

ಮಾಳಪ್ಪ


ವಿಜಾಪುರ
೨೨ ಫೆಬ್ರುವರಿ ೧೯೪೮

ಅಪ್ಪಾ,

ಗಾಂಧೀಜಿಯ ಸುದ್ದಿ ಬಂದ ಮೇಲೆ ಎಷ್ಟೋ ದಿನ ಗುಡುಸಾಬನ ಅಂಗಡಿ ತೆರೆಯಲಿಲ್ಲ, ಬ್ಯಾಟರಿ ಚಾರ್ಜಾಗಲಿಲ್ಲ. ಪಾಯಿಂಟಿನ ಕೆಲಸ ಮೊನ್ನೆ ಮುಗಿಯಿತು. ಅದರಲ್ಲಿ ನಡೆದ ಒಂದು ಸಂಗತಿಯನ್ನು ನಿನಗೆ ಹೇಳಲೇಬೇಕು. ಉಣ್ಣುವ ಮುಂಚೆ ಓದಿಸಿಕೊಳ್ಳಬೇಡ.

ಹೊರಸಿನ ಕಾಲಿಗೆ ಒಂದು ಸಣ್ಣ ಹಿಡಿಕೆ ಬಡಿದೆ. ಅಲ್ಲಿಂದ ಪಾಯಿಂಟಿನವರೆಗೆ ಸೈಕಲ್ ಬ್ರೇಕಿನ ತಂತಿ. ಹಿಡಿಕೆ ಎಳೆದರೆ ಟಕ್ ಎಂದು ಬೀಳುತ್ತದೆ, ಆಚೆ ಚೂಪು ಹಳಿ ಸರಿಯುತ್ತದೆ. ಹುಣಸಿಹಳ್ಳದ್ದೇ ಮರಿ ಹಾಕಿದ ಹಾಗಿತ್ತು. ಇಪ್ಪತ್ತು ಸಲ ಎಳೆದು ನೋಡಿದೆವು, ಇಪ್ಪತ್ತು ಸಲವೂ ಇಂಜಿನು ಸರಿಯಾಗಿ ತಿರುಗಿತು.

ಇಪ್ಪತ್ತೊಂದನೆಯ ಸಲ ಬಿತ್ತು. ಪಾಯಿಂಟಿನ ಮೇಲೆಯೇ, ಬಲಮಗ್ಗುಲಾಗಿ.

ಕಾಕಾ ಹೊರಸಿನಿಂದ ಬಗ್ಗಿ ಬಿದ್ದ ಇಂಜಿನನ್ನು ನೋಡಿದ. ಆಮೇಲೆ, "ಹಿಡಿಕಿ ಪೂರಾ ಬಿದ್ದಿತ್ತಲ್ಲೋ?" ಅಂದ.

"ಬಿದ್ದಿತ್ರಿ. ಟಕ್ ಅಂತು. ನೀವೂ ಕೇಳಿದ್ರಿ."

"ಮತ್ತ?"

ನೆಲಕ್ಕೆ ಮುಖ ಹಚ್ಚಿ ನೋಡಿದೆ. ಚೂಪು ಹಳಿಗೂ ದೊಡ್ಡ ಹಳಿಗೂ ನಡುವೆ ಒಂದು ಜೋಳದ ಕಾಳು ಸಿಕ್ಕಿತ್ತು. ಆಶಾಬಿ ಕಾಕುವಿನ ಮೊರದಿಂದ ಸಿಡಿದದ್ದು. ಹಳಿ ಪೂರಾ ಅಂಟಿರಲಿಲ್ಲ, ಆದರೆ ತಂತಿ ಎಳೆತಕ್ಕೆ ಬಗ್ಗಿ ಹಿಡಿಕೆಗೆ ಜಾಗ ಕೊಟ್ಟಿತ್ತು. ಹಿಡಿಕೆಯ ಹತ್ತಿರ ಕೂತವನಿಗೆ ಎಲ್ಲಾ ಸರಿ ಇದ್ದ ಹಾಗೇ ಕಾಣುತ್ತದೆ.

ಕಾಕಾ ಆ ಕಾಳನ್ನು ಅಂಗೈಯಲ್ಲಿ ಇಟ್ಟುಕೊಂಡು, "ಅಂದ್ರ ಕರೆಪ್ಪ ಪೂರಾ ಎಳದಿರಬೇಕು" ಅಂದ.

ಅಪ್ಪಾ, ನೀನು ಪೂರಾ ಎಳೆದಿದ್ದಿಯಾ? ಎಳೆದಿದ್ದರೆ ವಿಚಾರಣೆಯಲ್ಲಿ ಯಾಕೆ ಹೇಳಲಿಲ್ಲ? ಅಲ್ಲಿ ಏನಾದರೂ ಸಿಕ್ಕಿತ್ತೇ? ಒಂದು ಸಾಲು ಬರೆ. ಅಕ್ಕನ ಕೈಯಿಂದ ಬರೆಸಿದರೂ ಸರಿ. ನಾನು ಹೋಗಿ ಸಾಹೇಬರ ಮುಂದೆ ನಿಂತು ಹೇಳುತ್ತೇನೆ. ನಿನ್ನ ವಿರುದ್ಧ ಹೇಳಿದ ಬಾಯಿಂದಲೇ ಹೇಳುತ್ತೇನೆ.

ನಿನ್ನ ಮಗ
ಮಾಳಪ್ಪ


ಬಬಲೇಶ್ವರ
೯ ಮಾರ್ಚ್ ೧೯೪೮

ತಮ್ಮಾ,

ನಿನ್ನ ಪಾಕೀಟು ಅಪ್ಪ ಒಡೀದ ತಂದಿದ್ದ. ಊಟ ಆದ ಮ್ಯಾಲೆ ಓದಿದೆ. ನಾ ಅಂದಕೊಂಡೆ, ಇದನ್ನ ಕೇಳಿದ್ರ ಅಂವಗ ಉಸಿರು ಬಂದಂಗ ಆಗತೈತಿ ಅಂತ. ಎರಡು ವರ್ಷದ ಮ್ಯಾಲೆ ಒಬ್ಬರರೆ ಅಪ್ಪ ಹಿಡಿಕಿ ಪೂರಾ ಎಳದಿದ್ದ ಅಂದಾರ. ಅದೂ ಪೀರಸಾಬ.

ಆದ್ರ ಅಪ್ಪನ ಮುಖ ಸುಟ್ಟ ಕೊಳ್ಳಿಯಂಗ ಆತು. "ಸಂದಿನ್ಯಾಗ ಜ್ವಾಳದ ಕಾಳ ಅಂತ ಬರದಾನೋ, ಮತ್ತೇನರೆ ಬರದಾನೋ?" ಅಂದ. ಕಾಳ ಅಂತನ ಬರದಾನ ಅಂದೆ. "ಇನ್ನೊಮ್ಮಿ ಓದು." ಓದಿದೆ. "ಆ ಸಾಲು ಅಷ್ಟ ಓದು." ಮೂರು ಸಲ ಓದಿಸಿದ. ಆಮ್ಯಾಲೆ, "ಆ ಮನಿ ಬಿಡು ಅಂತ ಬರಿ. ಆ ಆಟಿಗಿ ಬಿಡು ಅಂತ ಬರಿ. ಬ್ಯಾರೆ ಊರಿಗೆ ಹೋಗಿ ದುಡಿ ಅಂತ ಬರಿ" ಅಂದ. ಹೆಸರು ಹಿಡೀಲಿಲ್ಲ, ಆದ್ರ ಎರಡು ವರ್ಷದಾಗ ನಿನಗ ಅಂತ ಆಡಿದ ಮಾತು ಇದೊಂದ.

ಸಿಟ್ಟು ಇರಲಿಲ್ಲ ತಮ್ಮಾ. ಅಂಜಿಕಿ ಇತ್ತು. ನಮ್ಮ ಅಪ್ಪ ಅಂಜಿದ್ದನ್ನ ನಾ ನೋಡಿದ್ದಿಲ್ಲ. ಮಾತಾಡುವಾಗೆಲ್ಲ ಸೊಂಟದ ಸಂಚಿ ಮ್ಯಾಲೆ ಕೈ ಇಟ್ಟಕೊಂಡಿದ್ದ. ಏನೈತಿ ಅದರಾಗ ಅಂದ್ರ, "ಎಲಿ ಅಡಿಕಿ" ಅಂದ. ಅಂವ ಎಲಿ ಹಾಕೂದು ಬಿಟ್ಟು ಆರು ತಿಂಗಳಾತು.

ಹೇಳಿದ್ದನ್ನ ಬರದೀನಿ. ಮನಿ ಬಿಡು.

ರೇಣುಕವ್ವ


ವಿಜಾಪುರ
೨೦ ಮಾರ್ಚ್ ೧೯೪೮

ಅಪ್ಪಾ,

ಅಕ್ಕನ ಕಾಗದ ಬಂತು. ಮತ್ತೇನರೆ ಬರದಾನೋ ಎಂದು ನೀನು ಕೇಳಿದ್ದನ್ನು ಓದಿದೆ. ಎಂಟು ದಿನ ಆ ಮಾತು ನನ್ನ ಹಿಂದೆ ತಿರುಗಿತು. ಗುಡುಸಾಬನ ಅಂಗಡಿಯಲ್ಲಿ ಆಸಿಡ್ ಕೈ ಮೇಲೆ ಚೆಲ್ಲಿಕೊಂಡೆ.

ಒಂಬತ್ತನೆಯ ದಿನ ಅಂಗಡಿಯ ಮುಂದೆ ಒಂದು ಎತ್ತಿನ ಬಂಡಿ ನಿಂತಿತ್ತು. ಗಾಲಿಯ ಪಟ್ಟಿಯಿಂದ ಮೊಳೆಯೊಂದು ಅರ್ಧ ಹೊರಗೆ ಬಂದಿತ್ತು. ಅದನ್ನು ಬೆರಳಿನಿಂದ ಅಳೆದು ನೋಡಿದೆ.

ಬಂಡಿ ಮೊಳೆ. ಬೆರಳಿನಷ್ಟು ದಪ್ಪ. ನಮ್ಮ ರೈಲ್ವೆ ವಸತಿಯ ಹುಡುಗರೆಲ್ಲ ಅಂಥ ಮೊಳೆಯನ್ನು ಹಳಿಯ ಮೇಲೆ ಇಡುತ್ತಿದ್ದೆವು. ಗಾಡಿ ಅದರ ಮೇಲೆ ಹಾಯ್ದರೆ ಚಪ್ಪಟೆಯಾಗುತ್ತದೆ. ಕಲ್ಲಿಗೆ ಮಸೆದರೆ ಕಾಲಿನ ಮುಳ್ಳು ತೆಗೆಯುವ ಚೂರಿ. ಕುರಿ ಕಾಯುವ ದೊಡ್ಡಪ್ಪನಿಗೆ ನಾನು ಮಾಡಿಕೊಟ್ಟ ಚೂರಿಗಳು ಎಷ್ಟೋ.

ಅಪಘಾತದ ಹಿಂದಿನ ಸಂಜೆ ಒಂದು ಮೊಳೆಯನ್ನು ಪಾಯಿಂಟಿನ ಹತ್ತಿರದ ದೊಡ್ಡ ಹಳಿಯ ಮೇಲೆ ಇಟ್ಟಿದ್ದೆ. ಬೆಳಗಿನ ಗಾಡಿ ಹೋದ ಮೇಲೆ ಹುಡುಕಿದೆ. ಕಲ್ಲುಗಳ ನಡುವೆ ಹುಡುಕಿದೆ, ಹಳಿಯ ಆಚೆಯೂ ಹುಡುಕಿದೆ. ಗಾಲಿಯ ಹೊಡೆತಕ್ಕೆ ಎಲ್ಲೋ ಹಾರಿರಬೇಕು ಅಂದುಕೊಂಡೆ. ಗಾಡಿ ಬರುವ ಅದುರುವಿಕೆಗೆ ಉರುಳಿ ಚೂಪು ಹಳಿಯ ಸಂದಿನಲ್ಲಿ ಬಿದ್ದಿತ್ತೆಂದು ಈಗ ಹೊಳೆಯಿತು. ಸಂದಿನೊಳಗೆ ನಾನು ನೋಡಲಿಲ್ಲ.

ನೀನೂ ನೋಡಲಿಲ್ಲ ಎಂದು ನಾನು ಸಾಕ್ಷಿ ಹೇಳಿದೆ.

ಎರಡು ವರ್ಷ ಆ ಮೊಳೆ ನನಗೆ ನೆನಪಾಗಿರಲಿಲ್ಲ ಎಂದು ಬರೆಯಬಹುದು. ಅದು ಸುಳ್ಳು. ಎರಡು ಮೂರು ಸಲ ನೆನಪಾಗಿತ್ತು, ಆದರೆ ಕಳೆದ ಮೊಳೆ ಎಂದಷ್ಟೇ.

ಇಂಜಿನು ಬಿದ್ದಾಗ ಎಲ್ಲರಿಗಿಂತ ಮೊದಲು ಪಾಯಿಂಟಿನ ಹತ್ತಿರ ಓಡಿದವನು ನೀನು. ಒಂದು ಗಳಿಗೆ ಬಗ್ಗಿದ್ದಿ. ನಾನು ಕಂಡೆ. ಯಾರನ್ನೋ ಎಳೆಯುತ್ತಿದ್ದೀ ಎಂದುಕೊಂಡಿದ್ದೆ.

ಇದನ್ನು ಪೀರಸಾಬ ಕಾಕಾನಿಗೆ ಹೇಳಬೇಕು. ರೈಲ್ವೆ ಆಫೀಸಿಗೂ ಬರೆಯಬೇಕು. ನಿನಗೆ ಮೊದಲು ತಿಳಿಸಿದ್ದೇನೆ, ಅಷ್ಟೇ.

ಮಾಳಪ್ಪ


ತಿಕೋಟಾ
೨ ಏಪ್ರಿಲ್ ೧೯೪೮

ಮಾಳಪ್ಪಗೆ ಕರೆಪ್ಪ ಬರೆದದ್ದು. ಯಾರ ಕೈಯಿಂದಲೂ ಬರೆಸಿಲ್ಲ.

ಹಿಂದಿನ ದಿನ ಸಂಜೆ ೫ ಗಂಟೆ. ನನ್ನ ಅಣ್ಣನ ಚೂರಿ ಕಳೆದಿದೆ, ಒಂದು ಮಾಡಿಕೊಡು ಎಂದು ನಿನಗೆ ಬಂಡಿ ಮೊಳೆ ಕೊಟ್ಟೆ. ಕೊಟ್ಟವನು ನಾನು. ನೀನು ಅದನ್ನು ಮರೆತಿದ್ದೀ.

ಮರುದಿನ ೧೧-೪೦. ಹಿಡಿಕೆ ಎಳೆದೆ. ಪೂರಾ ಬಿತ್ತು.
೧೧-೪೫. ನೀನು ರೊಟ್ಟಿ ತಂದಿ. ಹೋಗಿ ನೋಡಲಿಲ್ಲ. ಇಪ್ಪತ್ತು ವರ್ಷ ಪ್ರತಿ ದಿನ ನೋಡಿದ್ದೆ, ಯಾವ ದಿನವೂ ಏನೂ ಇರಲಿಲ್ಲ.
೧೧-೫೨. ನಿಶಾನೆ ತೋರಿಸಿದೆ.
೧೧-೫೪. ಇಂಜಿನು ಬಿತ್ತು.
೧೧-೫೫. ಸಂದಿನಿಂದ ಮೊಳೆ ತೆಗೆದು ಸಂಚಿಯಲ್ಲಿ ಹಾಕಿದೆ. ಪೀರಸಾಬ ಕೂಗುತ್ತಿದ್ದ. ಮೊದಲು ಮೊಳೆ ತೆಗೆದೆ, ಆಮೇಲೆ ಅವನ ಕಡೆ ಹೋದೆ.

ಈ ಕೊನೆಯ ಸಾಲು ಯಾರಿಗೂ ಹೇಳಿಲ್ಲ.

ಮೊಳೆ ತೋರಿಸಿದ್ದರೆ ನಿನ್ನನ್ನು ಪೊಲೀಸರು ಒಯ್ಯುತ್ತಿದ್ದರು. ನೀನು ಕೇಳಿದ ತಕ್ಷಣ ಹೌದು ನನ್ನದೇ ಅನ್ನುತ್ತಿದ್ದಿ. ನಿನ್ನ ಬಾಯಿ ನನಗೆ ಗೊತ್ತು. ವಿಚಾರಣೆಯಲ್ಲಿ ನೀನು ಹೇಳಿದ್ದಕ್ಕೆ ನನಗೆ ಸಿಟ್ಟಿಲ್ಲ. ನಿನ್ನ ಜೊತೆ ಮಾತಾಡಿದರೆ ಈ ಮಾತೂ ಹೊರಗೆ ಬರುತ್ತದೆ ಎಂದು ಮಾತು ಬಿಟ್ಟೆ.

ಮೊಳೆ ಬಿದ್ದದ್ದು ಬಿತ್ತು. ನೋಡುವುದು ನನ್ನ ಕೆಲಸ. ಹೋಗಿ ನೋಡಿದ್ದರೆ ತೆಗೆದು ಬಿಸಾಡಿ ಬಂದು ರೊಟ್ಟಿ ತಿನ್ನುತ್ತಿದ್ದೆ. ತಪ್ಪು ನನ್ನದು, ಅಲ್ಲಿಗೇ ಮುಗಿಯಿತು.

ಪೀರಸಾಬನಿಗೆ ಹೇಳಬೇಡ. ಆಫೀಸಿಗೆ ಬರೆಯಬೇಡ. ಬರೆದರೆ ನಾನು ಎರಡು ವರ್ಷ ಬಾಯಿ ಮುಚ್ಚಿದ್ದು ನೀರಿಗೆ ಹೋಗುತ್ತದೆ. ಇದು ನಾನು ನಿನಗೆ ಕೇಳುವ ಒಂದೇ ಮಾತು.

ಕರೆಪ್ಪ


ವಿಜಾಪುರ
೧೮ ಏಪ್ರಿಲ್ ೧೯೪೮

ಅಪ್ಪಾ,

ನಿನ್ನ ಮಾತು ಮೀರಿದೆ.

ಹನ್ನೆರಡು ದಿನ ತಡೆದೆ. ಆ ಹನ್ನೆರಡೂ ದಿನ ಅಲ್ಲಿಗೆ ಹೋದೆ, ಹಳಿ ಒರೆಸಿದೆ, ಕಾಕಾ ಓಡಿಸಿದ. ಪಾಯಿಂಟು ಬಂದಾಗೊಮ್ಮೆ, "ನೋಡಪಾ, ಕಾಳಗೀಳ ಐತೇನು" ಅನ್ನುತ್ತಿದ್ದ, ನಗುತ್ತ. ನಾನು ಬಗ್ಗಿ ನೋಡಿ, "ಇಲ್ರಿ" ಅನ್ನುತ್ತಿದ್ದೆ. ಹದಿಮೂರನೆಯ ದಿನ ಬಗ್ಗಿದವನಿಗೆ ಏಳಲು ಆಗಲಿಲ್ಲ. ನೆಲದ ಮೇಲಿಂದಲೇ ಎಲ್ಲಾ ಹೇಳಿದೆ. ಮೊಳೆ ಇಟ್ಟದ್ದು ನಾನು ಎಂದೆ. ತೆಗೆದು ಮುಚ್ಚಿಟ್ಟದ್ದು ನೀನು ಎಂಬುದನ್ನೂ ಹೇಳಿದೆ. ನೀನು ಯಾರಿಗೂ ಹೇಳದ ಆ ಸಾಲನ್ನು ಮಾತ್ರ ಹೇಳಲಿಲ್ಲ. ಅದು ನಿನ್ನದು.

ಇಂಜಿನು ಓಡುತ್ತಿತ್ತು. ಕಾಕಾ ಹಿಡಿಕೆಯನ್ನು ಮೆಲ್ಲಗೆ ಹಿಂದಕ್ಕೆ ತಂದ. ನಿಂತಿತು.

"ಎಷ್ಟುದ್ದ ಇತ್ತು?" ಅಂದ.

ಎರಡು ಬೆರಳಿನಿಂದ ತೋರಿಸಿದೆ. ಅವನೂ ತನ್ನ ಎರಡು ಬೆರಳನ್ನು ಅಷ್ಟೇ ದೂರ ಹಿಡಿದು, ಅದನ್ನೇ ನೋಡುತ್ತ ಕೂತ. "ಇಷ್ಟ?" ಅಂದ. ಆಮೇಲೆ, "ಪೆಟ್ಟಿಗಿ ತಗದು ಕೆಳಗ ಇಡು" ಅಂದ. ಇಟ್ಟೆ. ಗೋಡೆಯ ಕಡೆ ತಿರುಗಿ ಮಲಗಿದ.

ಆಶಾಬಿ ಕಾಕು ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದಳು. ನಾಲ್ಕು ತಿಂಗಳಲ್ಲಿ ಮೊದಲ ಸಲ ನನ್ನ ಜೊತೆ ಮಾತಾಡಿದಳು. "ಇದನ್ನ ಹೇಳಿ ನಿನಗ ಹಗೂರ ಆತು. ಕರೆಪ್ಪ ಉಣ್ಣಾಕ ಕುಂತ ಅಂತ ಅಂವನ್ನ ಬೈಕೊಂತ ಇಷ್ಟ ದಿವಸ ಹೆಂಗೋ ಕಳದಿದ್ವಿ. ಇನ್ನ ಯಾರನ್ನ ಬೈಬೇಕು? ಮೊಳಿನ್ನ ಬೈಬೇಕೇನು? ಹೇಳು."

ಅಪ್ಪಾ, ನಾನು ಈವರೆಗೆ ಖರೇ ಹೇಳಿದಾಗೆಲ್ಲ ಯಾರಿಗಾಗಿ ಹೇಳುತ್ತೇನೆಂದು ಕೇಳಿಕೊಂಡಿರಲಿಲ್ಲ. ಕಾಕು ಕೇಳಿದಳು. ನನಗೇ ಹಗುರಾಗಲೆಂದು ಹೇಳಿದ್ದೆ.

ಈಗಲೂ ದಿನಾ ಸಂಜೆ ಹೋಗುತ್ತೇನೆ. ಒಳಗೆ ಕರೆಯುವುದಿಲ್ಲ, ಹೋಗು ಎಂದೂ ಅನ್ನುವುದಿಲ್ಲ. ಕಟ್ಟೆಯ ಮೇಲೆ ಕೂತು ಬರುತ್ತೇನೆ. ಬಾಗಿಲ ಸಂದಿನಿಂದ ಹೊರಸು ಕಾಣುತ್ತದೆ. ಇಂಜಿನು ಪಾಯಿಂಟಿಗೆ ಎರಡು ಗೇಣು ಈಚೆ ನಿಂತಿದೆ. ಯಾರೂ ಮುಟ್ಟಿಲ್ಲ. ಸ್ಟೇಶನ್ನಿನಲ್ಲಿ ನಿಜವಾದ ಗಾಡಿ ಕೂಗಿದಾಗ ಕಾಕಾನ ಬೆನ್ನು ಮಿಸುಕುತ್ತದೆ.

ರೈಲ್ವೆ ಆಫೀಸಿಗೆ ಬರೆದ ಕಾಗದ ನನ್ನ ಕಿಸೆಯಲ್ಲೇ ಇದೆ. ಹಾಕಬೇಕೆಂದು ನಾಲ್ಕು ಸಲ ಟಪಾಲ ಪೆಟ್ಟಿಗೆಯವರೆಗೆ ಹೋದೆ. ಈ ಸಲ ನಿನ್ನನ್ನು ಕೇಳಿ ಹಾಕುತ್ತೇನೆ. ಮೊದಲು ಹಾಗೆ ಕೇಳಿರಲಿಲ್ಲ.

ನಿನ್ನ ಮಗ
ಮಾಳಪ್ಪ


ತಿಕೋಟಾ
೨೫ ಏಪ್ರಿಲ್ ೧೯೪೮

ಪೀರಸಾಬ, ಫೈರ್‌ಮನ್, ಗೋಳಗುಮ್ಮಟದ ಹಿಂದಿನ ಓಣಿ, ವಿಜಾಪುರ. ಇವರಿಗೆ.

ಇದನ್ನು ಕಾರ್ಡಿನಲ್ಲೇ ಬರೆಯುತ್ತಿದ್ದೇನೆ. ಟಪಾಲಿನವನು ಕಟ್ಟೆಯ ಮೇಲೆ ಓದಿಕೊಳ್ಳಲಿ.

ಆ ದಿನ ಹಿಡಿಕೆ ಪೂರಾ ಎಳೆದೆ. ಹೋಗಿ ನೋಡಲಿಲ್ಲ. ಸಂದಿನಲ್ಲಿ ಮೊಳೆ ಇತ್ತು. ಅದನ್ನು ಹುಡುಗನ ಕೈಗೆ ಕೊಟ್ಟವನು ನಾನು, ಬಚ್ಚಿಟ್ಟವನೂ ನಾನು. ನೀವು ಕೂಗುತ್ತಿದ್ದಿರಿ. ನಾನು ಮೊದಲು ಮೊಳೆ ತೆಗೆದೆ, ಆಮೇಲೆ ನಿಮ್ಮ ಕಡೆ ಬಂದೆ. ಹುಡುಗ ಈ ಮಾತು ನಿಮಗೆ ಹೇಳಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ.

ಗುರುವಾರದ ಮೋಟಾರಿಗೆ ಬರುತ್ತೇನೆ. ಮೊಳೆ ತರುತ್ತೇನೆ. ಆಫೀಸಿಗೆ ಹೋಗುವುದಾದರೆ ನಾನೂ ಮಾಳಪ್ಪನೂ ಕೂಡಿ ಹೋಗುತ್ತೇವೆ. ನಿಮ್ಮ ಮನೆಯವರು ಯಾರನ್ನು ಬೈಯಬೇಕೆಂದು ಕೇಳಿದರಂತೆ. ಎದುರಿಗೆ ಬಂದು ನಿಲ್ಲುತ್ತೇನೆ.

ಇಂಜಿನು ಪಾಯಿಂಟಿನ ಈಚೆ ನಿಂತಿದೆ ಎಂದು ತಿಳಿಯಿತು. ಅಲ್ಲೇ ಇರಲಿ. ನಾನು ಬಂದು, ಬಗ್ಗಿ, ನೋಡಿ, ನಿಶಾನೆ ತೋರಿಸುವವರೆಗೆ ಬಿಡಬೇಡಿರಿ.

ಕರೆಪ್ಪ
ಪಾಯಿಂಟ್ಸ್‌ಮನ್, ಹುಣಸಿಹಳ್ಳ